ಮೂರು ತಿಂಗಳ ಸಿಪಾಯಿಗಳು

ನಿನ್ನೆ ರಾತ್ರಿ ಓದಿದ್ದು ಇನ್ನೂ ತಲೆಯಿಂದ ಹೋಗಿಲ್ಲ. 1861ರ ಜುಲೈ 21, ಭಾನುವಾರ. ವರ್ಜೀನಿಯಾದ ಬುಲ್ ರನ್ ಹಳ್ಳದ ಕಡೆಯಿಂದ ಫಿರಂಗಿ ಸದ್ದು. ಅದಕ್ಕೆ ಬೆನ್ನು ಹಾಕಿ ಊರಿನ ದಾರಿ ಹಿಡಿದ ಇಡೀ ಒಂದು ರೆಜಿಮೆಂಟು, 4ನೇ ಪೆನ್ಸಿಲ್ವೇನಿಯಾ.

ಅಮೆರಿಕದ ಅಂತರ್ಯುದ್ಧ ಶುರುವಾದಾಗ ಲಿಂಕನ್ ಕೇಳಿದ್ದು 75,000 ಜನರನ್ನು, ಅದೂ ಮೂರೇ ತಿಂಗಳಿಗೆ. ಅಷ್ಟರಲ್ಲಿ ಎಲ್ಲ ಮುಗಿಯುತ್ತದೆ ಅಂತ ಬಹಳ ಜನ ನಂಬಿದ್ದರು. 4ನೇ ಪೆನ್ಸಿಲ್ವೇನಿಯಾದವರ ಗಡುವು ತೀರಿದ್ದು ಸರಿಯಾಗಿ ಕಾಳಗದ ಹೊಸ್ತಿಲಲ್ಲಿ. ಇನ್ನು ಸ್ವಲ್ಪ ದಿನ ಇರಿ ಎಂದು ಲಿಂಕನ್ ಕಡೆಯ ಸೇನಾಪತಿ ಜನರಲ್ ಮೆಕ್‌ಡೊವೆಲ್ ಕೇಳಿಕೊಂಡರೂ ನಿಲ್ಲಲಿಲ್ಲ. ಅವರು ಹಿಂದಕ್ಕೆ ನಡೆದದ್ದನ್ನು ಆತ ವರದಿಯಲ್ಲೇ ಬರೆದ. ಆ ಕಳಂಕ ಅಂಟಿಯೇ ಬಿಟ್ಟಿತು.

ಅವರ ಕರ್ನಲ್ ಜಾನ್ ಹಾರ್ಟ್‌ರಾನ್ಫ್ಟ್ ಮಾತ್ರ ಹೋಗಲಿಲ್ಲ. ಕ್ಯಾಪ್ಟನ್ ವಾಲ್ಟರ್ ಕುಕ್ ಕೂಡ. ತಮ್ಮ ದಳವಿಲ್ಲದೆ, ಬೇರೆಯವರ ಜೊತೆ ನಿಂತು ಆ ದಿನ ಕಳೆದರು.

ಆದರೂ ಹೋದವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬರುತ್ತಿಲ್ಲ. ಕೊಟ್ಟ ಮಾತಿನ ಮೂರು ತಿಂಗಳನ್ನು ಅವರು ಪೂರೈಸಿದ್ದರು. ಮನೆಯಲ್ಲಿ ದಿನ ಎಣಿಸುತ್ತಿದ್ದವರು ಎಷ್ಟು ಮಂದಿಯೋ! ಮೇಲಾಗಿ, ಹಾರ್ಟ್‌ರಾನ್ಫ್ಟ್ ಅದೇ ವರ್ಷ 51ನೇ ಪೆನ್ಸಿಲ್ವೇನಿಯಾ ಕಟ್ಟಿದಾಗ ಅವರಲ್ಲಿ ಹಲವರು ಮತ್ತೆ ಹೆಸರು ಬರೆಸಿದರು. ಈ ಸಲ ಮೂರು ವರ್ಷಕ್ಕೆ.

1862ರ ಸೆಪ್ಟೆಂಬರ್ 17ರಂದು, ಆಂಟೀಟಮ್ ಹೊಳೆಯ ಕಲ್ಲು ಸೇತುವೆಯ ಮೇಲೆ, ಗುಂಡಿನ ಮಳೆಗೆ ಎದೆಕೊಟ್ಟು ನುಗ್ಗಿ ಆಚೆ ದಡ ಹಿಡಿದ ಎರಡು ದಳಗಳಲ್ಲಿ ಒಂದು ಅದೇ 51ನೇ ಪೆನ್ಸಿಲ್ವೇನಿಯಾ.