ಹಂಟಿಂಗ್ಟನ್ ಅವರನ್ನು ಇನ್ನೂ ಏಕೆ ಓದುತ್ತೀರಿ?

ರಾಜ್ಯಶಾಸ್ತ್ರ ಓದುವವರು ನನ್ನನ್ನು ಪದೇ ಪದೇ ಕೇಳುತ್ತಾರೆ: ‘ನಾಗರಿಕತೆಗಳ ಸಂಘರ್ಷ’ ಎಂದು ಜಗತ್ತನ್ನೇ ಹೋಳು ಮಾಡಿದ ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್ಟನ್ ಅವರನ್ನು ನೀವು ಇನ್ನೂ ಏಕೆ ಓದುತ್ತೀರಿ?

ಶೀತಲ ಸಮರದ ನಂತರ ಜಗತ್ತಿನ ದೊಡ್ಡ ಜಗಳಗಳು ಸಂಸ್ಕೃತಿ, ಧರ್ಮಗಳ ಗಡಿಗಳಲ್ಲೇ ನಡೆಯುತ್ತವೆ ಎಂಬ, 1993ರ ಲೇಖನವಾಗಿ ಹುಟ್ಟಿ 1996ರಲ್ಲಿ ಪುಸ್ತಕವಾದ ಆ ವಾದ ನನಗೂ ಒಪ್ಪಿಗೆಯಿಲ್ಲ. ಲೇಖನದ ಶೀರ್ಷಿಕೆಯ ಕೊನೆಗೆ ಇದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಪುಸ್ತಕ ಕೈಬಿಟ್ಟಿತು, ಅದು ಉಳಿಯಬೇಕಿತ್ತು. ನಾನು ಮತ್ತೆ ಮತ್ತೆ ಹೋಗುವುದು 1968ರ ಹಂಟಿಂಗ್ಟನ್ ಬಳಿಗೆ.

ಹದಿನೆಂಟಕ್ಕೆ ಯೇಲ್ ಪದವಿ, ಇಪ್ಪತ್ತಮೂರಕ್ಕೆ ಹಾರ್ವರ್ಡ್ ಡಾಕ್ಟರೇಟ್. ಆದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ನಿರಾಕರಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಕೆಲವೇ ವರ್ಷಗಳಲ್ಲಿ ಅದೇ ಹಾರ್ವರ್ಡ್ ವಾಪಸು ಕರೆಯಿತು. ಬಳಿಕ 1968ರಲ್ಲಿ ಬಂದದ್ದು ‘ಬದಲಾಗುತ್ತಿರುವ ಸಮಾಜಗಳಲ್ಲಿ ರಾಜಕೀಯ ವ್ಯವಸ್ಥೆ’ ಎಂಬ ಪುಸ್ತಕ. ಆರ್ಥಿಕ ಪ್ರಗತಿಯಾದರೆ ಪ್ರಜಾಪ್ರಭುತ್ವ ಅದರ ಹಿಂದೆಯೇ ಬರುತ್ತದೆಂದು ಅಲ್ಲಿನ ಬಹಳಷ್ಟು ವಿದ್ವಾಂಸರು ನಂಬಿದ್ದ ಕಾಲ. ಇವರು ಹೇಳಿದ್ದೇ ಬೇರೆ. ಶಾಲೆ, ಪತ್ರಿಕೆ, ನಗರಗಳು ಜನರ ಆಸೆಯನ್ನು ಬೇಗ ಬೆಳೆಸುತ್ತವೆ. ಪಕ್ಷ, ನ್ಯಾಯಾಲಯ, ಆಡಳಿತಗಳು ನಿಧಾನವಾಗಿ ಬೇರು ಬಿಡುತ್ತವೆ. ಈ ಅಂತರದಲ್ಲೇ ದಂಗೆಗಳೂ ಸೇನಾಕ್ರಾಂತಿಗಳೂ ಹುಟ್ಟುತ್ತವೆ. ಹೊಸ ಸ್ವತಂತ್ರ ದೇಶಗಳ ಪಾಡನ್ನು ಇಷ್ಟು ಸ್ಪಷ್ಟವಾಗಿ ಹಿಡಿದ ವಿವರಣೆ ನನಗೆ ಬೇರೆಲ್ಲೂ ಸಿಗಲಿಲ್ಲ.

ಆದರೆ ವ್ಯವಸ್ಥೆಯೇ ಮೊದಲು ಎಂದವರ ಕಣ್ಣಿಗೆ ಮನುಷ್ಯರು ಮರೆಯಾಗುತ್ತಾರೆ. ಅದೇ 1968ರಲ್ಲಿ, ಯುದ್ಧದ ಹೊಡೆತಕ್ಕೆ ವಿಯೆಟ್ನಾಮಿನ ಹಳ್ಳಿಗರು ನಗರಗಳಿಗೆ ಓಡಿಬರುತ್ತಿದ್ದುದರಲ್ಲಿ ಬಂಡುಕೋರರನ್ನು ದುರ್ಬಲಗೊಳಿಸುವ ದಾರಿಯನ್ನು ಅವರು ಕಂಡರು. ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರ ಆಡಳಿತಕ್ಕೂ, ಸುಧಾರಣೆ ಮೇಲಿನಿಂದ ಹಂತಹಂತವಾಗಿ ಬರಲಿ ಎಂಬ ಸಲಹೆ ಕೊಟ್ಟರು.

1986ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವಕ್ಕೆ ಅವರ ಹೆಸರು ಬಂದಾಗ ಗಣಿತಜ್ಞ ಸರ್ಜ್ ಲ್ಯಾಂಗ್ ಅಡ್ಡ ನಿಂತರು. 1968ರ ಆ ಪುಸ್ತಕದಲ್ಲಿ ಹತಾಶೆ, ಅಸ್ಥಿರತೆಗಳನ್ನು ಭಾಗಾಕಾರದ ಸಮೀಕರಣಗಳಂತೆ ಬರೆದದ್ದು, ದಕ್ಷಿಣ ಆಫ್ರಿಕಾವನ್ನು ‘ತೃಪ್ತ ಸಮಾಜ’ಗಳ ಸಾಲಿಗೆ ಸೇರಿಸಿದ್ದು ವಿಜ್ಞಾನವೇ ಅಲ್ಲ ಎಂಬುದು ಲ್ಯಾಂಗ್ ಅವರ ಆಕ್ಷೇಪ. ಆ ವರ್ಷವೂ ಮರುವರ್ಷವೂ ಅಕಾಡೆಮಿ ಹಂಟಿಂಗ್ಟನ್ ಅವರನ್ನು ಆರಿಸಲಿಲ್ಲ. ಆ ಸಮೀಕರಣಗಳ ವಿಚಾರದಲ್ಲಿ ನಾನು ಲ್ಯಾಂಗ್ ಪಕ್ಷ. ಅಳೆಯಲು ಬಾರದ್ದನ್ನು ಅಳೆದಂತೆ ತೋರಿಸುವುದು ತಪ್ಪು.

ಇಷ್ಟಾಗಿಯೂ, ಎಲ್ಲಾದರೂ ಸೇನೆ ಅಧಿಕಾರ ಹಿಡಿದ ಸುದ್ದಿ ಬಂದರೆ ನಾನು ಅದೇ ಪುಸ್ತಕ ತೆರೆಯುತ್ತೇನೆ. ದಕ್ಷಿಣ ಆಫ್ರಿಕಾದ ಪ್ರಸ್ತಾಪವಿರುವ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ: ‘ಶಾರ್ಪ್‌ವಿಲ್, 1960. ಪೊಲೀಸರ ಗುಂಡಿಗೆ 69 ಕಪ್ಪು ಜನರ ಸಾವು. ತೃಪ್ತರು ಯಾರು?’