ಯಂತ್ರ ತಿದ್ದಿದ ಕೋಶದ ಚಿತ್ರವನ್ನು ನಂಬಬಹುದೆ?

ಜೀವಂತ ಕೋಶಗಳ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ತಿಳಿಗೊಳಿಸುತ್ತೇವೆ ಎಂದ ಕೂಡಲೇ ಬಹುತೇಕ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಹಾಗೆ ಕಾಣುವುದು ನಿಜವಾದ ಕೋಶವೋ, ಯಂತ್ರದ ಕಲ್ಪನೆಯೋ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರಕ್ಕೆ ಮೊದಲು, ತಿದ್ದದ ಚಿತ್ರವಾದರೂ ಎಷ್ಟು ನಿಜ ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಬಹುಪಾಲು ಕೋಶಗಳು ನೀರಿನಂತೆ ಪಾರದರ್ಶಕ. ಅವುಗಳ ಒಳಭಾಗಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ, ವಿಜ್ಞಾನಿ ಒಸಾಮು ಶಿಮೊಮುರ ಅವರು ಜೆಲ್ಲಿ ಮೀನಿನಲ್ಲಿ ಕಂಡು 1962ರಲ್ಲಿ ವರದಿ ಮಾಡಿದ ಹಸಿರು ಪ್ರೋಟೀನಿನಂತಹ ಹೊಳೆಯುವ ಗುರುತುಗಳನ್ನು ಅಂಟಿಸಿ, ಅವುಗಳ ಮೇಲೆ ತೀವ್ರವಾದ ಬೆಳಕನ್ನು ಹಾಯಿಸಬೇಕು. ಕೋಶಕ್ಕೆ ಪೆಟ್ಟು ಬೀಳುವುದು ಆ ಬೆಳಕಿನಿಂದಲೇ. ಆಮ್ಲಜನಕದ ಉಗ್ರ ಅಣುಗಳು ಹುಟ್ಟಿ ಪ್ರೋಟೀನುಗಳನ್ನೂ ಡಿಎನ್‌ಎಯನ್ನೂ ಕೆಡಿಸುತ್ತವೆ. ಕೋಶವಿಭಜನೆ ತಡವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಅಂದರೆ ಕಣ್ಣಿಗೆ ಹಬ್ಬವೆನಿಸುವ ಚಿತ್ರ ನರಳುತ್ತಿರುವ ಕೋಶದ್ದಾಗಿರಬಹುದು.

ಬೆಳಕನ್ನು ತಗ್ಗಿಸಿದರೆ ಕೋಶ ಉಳಿಯುತ್ತದೆ, ಚಿತ್ರ ಮಾತ್ರ ಮರಳು ಎರಚಿದಂತಾಗುತ್ತದೆ. ಕೃತಕ ಬುದ್ಧಿಮತ್ತೆ ನೆರವಾಗುವುದು ಇಲ್ಲಿ. ಒಂದೇ ಜಾಗವನ್ನು ಮಂದ ಬೆಳಕಿನಲ್ಲೊಮ್ಮೆ, ಪ್ರಖರ ಬೆಳಕಿನಲ್ಲೊಮ್ಮೆ ಸೆರೆಹಿಡಿದ ಅನೇಕ ಜೋಡಿಗಳನ್ನು ಕೊಟ್ಟರೆ, ಮೊದಲನೆಯದರಿಂದ ಎರಡನೆಯದನ್ನು ಅಂದಾಜು ಮಾಡಲು ನರಜಾಲ, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆ, ಕಲಿಯುತ್ತದೆ. ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಇಂತಹ ವಿಧಾನದಲ್ಲಿ ಬೆಳಕಿನ ಕಣಗಳನ್ನು 60 ಪಟ್ಟಿನವರೆಗೆ ತಗ್ಗಿಸಿದರೂ ಚಿತ್ರವನ್ನು ಮರಳಿ ಪಡೆಯಲು ಸಾಧ್ಯವಾಯಿತು. ಜೀವಂತ ಕೋಶ ಎರಡು ಚಿತ್ರಗಳ ನಡುವೆ ಅಲುಗಾಡುವುದರಿಂದ, ಕಲಿಕೆಯ ಜೋಡಿಗಳನ್ನು ಅನೇಕ ಸಲ ರಾಸಾಯನಿಕದಿಂದ ಸ್ಥಿರಗೊಳಿಸಿದ, ಅಂದರೆ ಸತ್ತ ಕೋಶಗಳಿಂದ ಪಡೆಯುತ್ತಾರೆ. ಇದನ್ನು ನಾನು ಎಂದೂ ಮರೆಯುವುದಿಲ್ಲ.

ಆದ್ದರಿಂದ ನನ್ನ ಉತ್ತರ ಹೀಗಿದೆ: ಅದು ಅಂದಾಜು, ಆದರೆ ಪರೀಕ್ಷಿಸಬಹುದಾದ ಅಂದಾಜು. ಆರೋಗ್ಯವಂತ ಕೋಶಗಳನ್ನಷ್ಟೇ ನೋಡಿ ಕಲಿತ ಜಾಲ, ಕೋಶಕ್ಕೆ ಶಕ್ತಿ ಒದಗಿಸುವ ಭಾಗವಾದ ಮೈಟೋಕಾಂಡ್ರಿಯ ಔಷಧದಿಂದ ಛಿದ್ರವಾಗಿದ್ದರೂ ಅದನ್ನು ಮಾಮೂಲಿ ಎಳೆಯಂತೆ ಚಿತ್ರಿಸಿಬಿಡಬಹುದು. ಹಾಗಾಗಿ ಒಂದೇ ದತ್ತಾಂಶದಿಂದ ಹಲವು ಜಾಲಗಳನ್ನು ಪ್ರತ್ಯೇಕವಾಗಿ ತರಬೇತುಗೊಳಿಸಿ, ಅವುಗಳ ನಡುವೆ ಒಮ್ಮತವಿಲ್ಲದ ಜಾಗಗಳನ್ನು ಶಂಕಿಸುತ್ತೇವೆ. ಕೋಶಗಳನ್ನು ಎಣಿಸಲು, ಅವು ಸಾಗಿದ ದಾರಿಯನ್ನು ಹಿಂಬಾಲಿಸಲು ತಿದ್ದಿದ ಚಿತ್ರ ನನಗೆ ಸಾಕು. ಹೊಳಪನ್ನು ಅಳೆದು ಪ್ರೋಟೀನಿನ ಪ್ರಮಾಣ ಹೇಳಬೇಕಾದಾಗ ಮೂಲ ಚಿತ್ರಕ್ಕೇ ಮರಳುತ್ತೇನೆ. ಹಿಂದೆಂದೂ ಕಾಣದ ರಚನೆಯೊಂದು ತಿದ್ದಿದ ಚಿತ್ರದಲ್ಲಿ ಮಾತ್ರ ಕಾಣಿಸಿಕೊಂಡರೆ, ಕೋಶಕ್ಕೆ ಹಾನಿಯಾದರೂ ಸರಿ, ಪೂರ್ಣ ಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆದ ನಂತರವೇ ಅದರ ಬಗ್ಗೆ ಬರೆಯುತ್ತೇನೆ.