ಮೂರೆಳೆಯ ಕಣ್ಣಿ

ಹಾಸನದ ನಮ್ಮ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಎರಡನೆಯ ವರ್ಷ ಓದಿದ್ದು 1989ರಲ್ಲಿ. ಅರಸೀಕೆರೆ ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ದುದ್ದದಲ್ಲಿ ಬಸ್ಸು ತಡವಾಯಿತೆಂದರೆ ಮೊದಲ ಪಾಠ ಹೋದಂತೆಯೇ. ಶುಕ್ರವಾರ ಮಾತ್ರ ಕತ್ತಲಿರುವಾಗಲೇ ಎದ್ದು ಒಂದು ಬಸ್ಸು ಮುಂಚಿತವಾಗಿ ಹೊರಡುತ್ತಿದ್ದೆ. ಪ್ರಾಣಿಶಾಸ್ತ್ರದ ಮೇಷ್ಟ್ರು ಪ್ರೋಟೀನುಗಳ ಪಾಠ ಹೇಳುತ್ತಿದ್ದುದು ಅಂದು.

ಒಂದು ಶುಕ್ರವಾರ ಅವರು ಸೀಮೆಸುಣ್ಣ ಮುಟ್ಟದೆ, "ಯಾರ ಮನೆಯಲ್ಲಿ ಹಗ್ಗ ಹೊಸೆಯುತ್ತಾರೆ?" ಎಂದು ಕೇಳಿದರು. ನಾನು ಕೈ ಎತ್ತಿದೆ. "ಮುಂದಿನ ವಾರ ಒಂದು ಹಿಡಿ ನಾರು ತೆಗೆದುಕೊಂಡು ಬಾರಮ್ಮ" ಎಂದರು.

ತಾತ ನೆನೆಸಿದ ಕತ್ತಾಳೆ ನಾರನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರು. ತರಗತಿಯಲ್ಲಿ ಮೂರು ಎಳೆಗಳ ತುದಿಯನ್ನು ಮೇಜಿನ ಕಾಲಿಗೆ ಗಂಟು ಹಾಕಿ, ಒಂದೊಂದೇ ಎಳೆಗೆ ಎಡಕ್ಕೆ ಹುರಿ ಕೊಟ್ಟು, ಆಮೇಲೆ ಮೂರನ್ನೂ ಕೂಡಿಸಿ ಬಲಕ್ಕೆ ಸುತ್ತುತ್ತಾ ಬಂದೆ. "ಮೂರನ್ನೂ ಎಡಕ್ಕೇ ಸುತ್ತಿದರೆ?" ಎಂದರು ಮೇಷ್ಟ್ರು. ಹಾಗೆಯೇ ಮಾಡಿ ಕೈ ಬಿಟ್ಟೆ. ಹಗ್ಗ ಹಾವಿನಂತೆ ಹೊರಳಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಎದುರುಬದುರು ಹುರಿಗಳು ಒಂದನ್ನೊಂದು ತಡೆದು ನಿಲ್ಲಿಸಿದಾಗಲೇ ಹಗ್ಗ ಹಗ್ಗವಾಗುವುದು.

ಆಗ ಅವರು ಹೇಳಿದ್ದು ಚರ್ಮ, ಮೂಳೆಗಳಿಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ವಿಷಯ. ಅದರಲ್ಲಿಯೂ ಮೂರೇ ಎಳೆ. ಒಂದೊಂದು ಎಳೆಯೂ ಎಡಕ್ಕೆ ತಿರುಚಿಕೊಂಡಿರುತ್ತದೆ, ಮೂರೂ ಕೂಡಿ ಬಲಕ್ಕೆ ಸುತ್ತಿಕೊಳ್ಳುತ್ತವೆ. ಎಳೆಯೊಂದಕ್ಕೆ, ಮಣಿಸರದಂತೆ ಪೋಣಿಸಿಕೊಂಡ ಸುಮಾರು ಸಾವಿರ ಅಮೈನೋ ಆಮ್ಲಗಳು, ಅವುಗಳಲ್ಲಿ ಪ್ರತಿ ಮೂರನೆಯದು ಗ್ಲೈಸಿನ್. ಎಳೆಗಳು ಒತ್ತಿಕೊಳ್ಳುವ ನಡುವಿನ ಇಕ್ಕಟ್ಟಿನಲ್ಲಿ ಅತಿ ಚಿಕ್ಕದಾದ ಗ್ಲೈಸಿನ್ ಬಿಟ್ಟು ಬೇರೆ ಯಾವುದಕ್ಕೂ ಜಾಗವಿಲ್ಲ. ಒಂದೇ ಒಂದು ಕಡೆ ಗ್ಲೈಸಿನ್ ಬದಲು ಬೇರೊಂದು ಬಂದು ಕುಳಿತರೂ ಕೆಲವು ಮಕ್ಕಳ ಮೂಳೆ ಹುಟ್ಟಿನಿಂದಲೇ ಪಟಪಟನೆ ಮುರಿಯುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಕೊಲಾಜೆನ್ ನಾರಿಗೆ ಸ್ನಾಯುರಜ್ಜು ಎನ್ನುತ್ತೇವಲ್ಲ, ರಜ್ಜು ಎಂದರೆ ಹಗ್ಗವೇ. ಕಪಿಲೆ ಬಾವಿಯಿಂದ ನೀರೆತ್ತುತ್ತಿದ್ದ ತೊಗಲಿನ ಮಿಣಿಯೂ ಕೊಲಾಜೆನ್ನೇ.

ಈ ರಚನೆಯನ್ನು ಕಂಡುಕೊಂಡವರಲ್ಲಿ ಮೊದಲಿಗರು ಮದ್ರಾಸು ವಿಶ್ವವಿದ್ಯಾನಿಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಅವರು ಎಕ್ಸ್-ಕಿರಣ ಹಾಯಿಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವಿಗೆ. 1954ರಲ್ಲಿ ಮೂರು ಎಳೆ ಎಂದರು, ಮರುವರ್ಷ ಆ ಎಳೆಗಳು ಪರಸ್ಪರ ಸುತ್ತಿಕೊಂಡಿವೆ ಎಂದು ತಮ್ಮ ಮಾದರಿಯನ್ನು ತಾವೇ ತಿದ್ದಿದರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. "ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿದ್ದಾರೆ" ಎಂದು ಮೇಷ್ಟ್ರು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಆದರೆ ಅವರಿಗೆ ಬಹಳ ಪ್ರಿಯವಾಗಿದ್ದುದು ಹಗ್ಗಕ್ಕಿಂತ ನನ್ನ ಗಂಟು. ಜೀವಕೋಶ ಮೊದಲು ಹೆಣೆಯುವುದು ಪ್ರೊಕೊಲಾಜೆನ್ ಎಂಬ ಪೂರ್ವರೂಪವನ್ನು. ಅದರ ಎರಡೂ ತುದಿಗಳಲ್ಲಿ ಹುರಿಗೆ ಸೇರದ ಹೆಚ್ಚಿನ ಭಾಗಗಳಿರುತ್ತವೆ. ಎಳೆಯಲ್ಲಿ ಕೊನೆಗೆ ಹುಟ್ಟುವ ಬಾಲದ ತುದಿಯೇ ಮೊದಲು ಜೊತೆ ಹುಡುಕುತ್ತದೆ. ಮೂರು ಬಾಲಗಳು ಕೂಡಿ ಗಂಧಕದ ಬಂಧಗಳಿಂದ ಬಿಗಿದುಕೊಂಡ ಮೇಲೆ ಹುರಿ ಅಲ್ಲಿಂದ ತಲೆಯ ಕಡೆಗೆ ಏರುತ್ತಾ ಹೋಗುತ್ತದೆ. ಹುರಿಯಾದ ಪ್ರೊಕೊಲಾಜೆನ್ ಕೋಶದ ಹೊರಗೆ ಹೋಗುವಾಗ ಕಿಣ್ವಗಳು ಆ ತುದಿಗಳನ್ನು ಕತ್ತರಿಸಿ ಹಾಕುತ್ತವೆ.

ಸಂಜೆ ತಾತನಿಗೆ ಇದೆಲ್ಲವನ್ನೂ ಹೇಳಿದೆ. ಅವರು ನಾರು ಸೀಳುತ್ತಲೇ ಕೇಳಿದರು: "ಗಂಟು ಕತ್ತರಿಸಿದರೆ ಹುರಿ ನಿಲ್ಲುತ್ತದೆಯೇನಮ್ಮ?"

ಆ ಪ್ರಶ್ನೆಯನ್ನು ಸೋಮವಾರವೇ ಮೇಷ್ಟ್ರ ಮುಂದಿಟ್ಟೆ. ಅವರು ಸಿಬ್ಬಂದಿ ಕೊಠಡಿಯಿಂದ ಎದ್ದು ಹೊರಗೆ ಬಂದು, ವರಾಂಡದಲ್ಲಿ ನಿಂತೇ ಉತ್ತರ ಹೇಳಿದರು. ಎಳೆಗಳು ಹುರಿಯಾಗುವ ಮೊದಲೇ ಕೋಶವು ಅವುಗಳಲ್ಲಿರುವ ಪ್ರೋಲಿನ್ ಎಂಬ ಅಮೈನೋ ಆಮ್ಲಗಳಲ್ಲಿ ಹಲವಕ್ಕೆ ಒಂದೊಂದು ಆಮ್ಲಜನಕವನ್ನು ಸೇರಿಸಿರುತ್ತದೆ. ಹುರಿಯನ್ನು ಗಟ್ಟಿಯಾಗಿ ಹಿಡಿದಿಡುವುದು ಅದು. ಆ ಕೆಲಸ ಮಾಡುವ ಕಿಣ್ವಕ್ಕೆ ಸಿ ಜೀವಸತ್ವ ಬೇಕು. ಅದು ನಡೆಯದಿದ್ದರೆ ಹುರಿ ಸುಮಾರು 24 ಡಿಗ್ರಿಯಲ್ಲೇ ಬಿಚ್ಚಿಕೊಳ್ಳುತ್ತದೆ. "ಹಾಸನದ ಚಳಿಗಾಲದ ಬೆಳಗಿನಲ್ಲಾದರೆ ನಿಂತೀತು. ಮೈಯೊಳಗೆ 37 ಡಿಗ್ರಿ, ಅಲ್ಲಿ ನಿಲ್ಲುವುದಿಲ್ಲ" ಎಂದರು. ತಾಜಾ ಹಣ್ಣು ತರಕಾರಿ ಕಾಣದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರ ಒಸಡಿನಲ್ಲಿ ರಕ್ತ ಬಂದದ್ದು, ಮಾಗಿದ ಗಾಯ ಮತ್ತೆ ತೆರೆದುಕೊಂಡದ್ದು ಏಕೆಂದು ನನಗೆ ಆ ವರಾಂಡದಲ್ಲಿ ತಿಳಿಯಿತು. ಇಂದು ನನ್ನ ವಿದ್ಯಾರ್ಥಿಗಳಿಗೆ ಈ ಪಾಠ ಹೇಳುವಾಗಲೂ ನಾನು ಆರಂಭಿಸುವುದು ತಾತನ ಪ್ರಶ್ನೆಯಿಂದಲೇ. ಪುಸ್ತಕದಲ್ಲಿ ಈ ಭಾಗ ಕಿಣ್ವಗಳ ಹೆಸರುಗಳ ಪಟ್ಟಿಯಾಗಿ ಬರುತ್ತದೆ. ಹಾಗೆ ಕಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ತುದಿ ಕತ್ತರಿಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಅಂದೇ ಕೇಳಿದ್ದೆ. ಸರಿಯಾಗಿ ಕತ್ತರಿಸಿದ ಹುರಿಗಳು ಒಂದರ ಪಕ್ಕ ಒಂದು, ಸ್ವಲ್ಪ ಸ್ವಲ್ಪ ಮುಂದೆ ಸರಿದು, ಗೋಡೆಯ ಇಟ್ಟಿಗೆಗಳಂತೆ ಜೋಡಣೆಯಾಗುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ನಾರಿನ ಮೇಲೆ 67 ನ್ಯಾನೋಮೀಟರಿಗೆ ಒಂದರಂತೆ ಪಟ್ಟೆಗಳು ಕಾಣುವುದು ಅದಕ್ಕೇ. ತುದಿ ಉಳಿದುಬಿಟ್ಟರೆ ಅವು ಒತ್ತಾಗಿ ಕೂಡುವುದಿಲ್ಲ. ಬೆಲ್ಜಿಯಂನಲ್ಲಿ ಕೆಲವು ಕರುಗಳು ಹಾಗೆಯೇ ಹುಟ್ಟಿದ್ದವು. ತಲೆಯ ಕಡೆಯ ತುದಿಯನ್ನು ಕತ್ತರಿಸುವ ಕಿಣ್ವ ಅವುಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ. 1971ರಲ್ಲಿ ಅಲ್ಲಿನ ವಿಜ್ಞಾನಿಗಳು ಆ ಕರುಗಳ ಚರ್ಮದಲ್ಲಿ ತುದಿ ಕಳಚದ ಕೊಲಾಜೆನ್ನನ್ನು ಕಂಡರು. ಆ ಚರ್ಮ ಸ್ವಲ್ಪ ಎಳೆದರೂ ಹರಿದು ಬರುತ್ತಿತ್ತು.

ಮನೆಗೆ ಬಂದು ಹೇಳಿದಾಗ ತಾತ ಹೊಸೆಯುವುದನ್ನು ನಿಲ್ಲಿಸಿದರು. ಕೊಟ್ಟಿಗೆಯಲ್ಲಿ ಆ ವಾರವಷ್ಟೇ ಹುಟ್ಟಿದ ಕರುವಿತ್ತು. ಅವರ ಕೈಯಲ್ಲಿದ್ದುದು ಅದಕ್ಕೇ ಹೊಸೆಯುತ್ತಿದ್ದ ಕಣ್ಣಿ. ಬಹಳ ಹೊತ್ತು ಸುಮ್ಮನಿದ್ದು, "ಅಯ್ಯೋ, ಹಾಗಾದರೆ ಆ ಕರುಗಳ ಕೊರಳಿಗೆ ಯಾವ ಕಣ್ಣಿ ಹಾಕುತ್ತಿದ್ದರಂತಮ್ಮ?" ಎಂದರು.

ಮೇಷ್ಟ್ರಿಗೂ ಅದು ಗೊತ್ತಿರಲಿಲ್ಲ. ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು, ತಾತನ ಹೆಸರು ಕೇಳಿ, ಹೆಸರಿನ ಸಮೇತ ಪ್ರಶ್ನೆಯನ್ನು ಬರೆದುಕೊಂಡರು.